ನೆಗಡಿ

ಮೊದಲ ಜೋಡಿ ತಂದಿದ್ದು ಹುಬ್ಬಳ್ಳಿಯಿಂದ, ಬಸ್ಸಿನಲ್ಲಿ,
ಅರಬೈಲು ಘಟ್ಟದ ಅಷ್ಟೂ ತಿರುವಿಗೆ
ತೊಡೆಯ ಮೇಲಿಟ್ಟುಕೊಂಡು, ಎಳೆಗೂಸಿನ ಹಾಗೆ.
ಮನೆಯಲ್ಲಿ ಹಚ್ಚಿದರೆ
ಎಲ್ಲರ ಗಂಟಲಿಗೂ ಒಂದೇ ತುಪ್ಪ.
ಮೂರು ಮಳೆಗಾಲಕ್ಕೆ ಕಾರವಾರದ ಗಾಳಿ
ಅಂಚಿನ ಫೋಮು ತಿಂದು ಮುಗಿಸಿತು,
ಬೆರಳು ತಾಗಿದರೆ ರವೆಯಂತೆ ಉದುರುತ್ತಿತ್ತು.

ಎರಡನೆಯದು ಜರ್ಮನಿಯದು.
ನೌಕಾನೆಲೆಯಿಂದ ವರ್ಗವಾಗಿ ಹೊರಟ ಅಧಿಕಾರಿ
ಸೋಫಾದ ಜೊತೆ ಮಾರಿದ್ದು. ಸೋಫಾ ಬೇಡವೆಂದರೆ ಕೊಡಲಿಲ್ಲ.
ಅದರಲ್ಲಿ ತಬಲಾದ ಬೆರಳು ಎಣಿಸಬಹುದಿತ್ತು,
ತಂಬೂರಿಯ ತಂತಿ ಒಂದೊಂದೂ ಬೇರೆ ಬೇರೆ,
ಗಡಿಯಾರ ಬಿಚ್ಚಿ ಮೇಜಿನ ಮೇಲೆ ಹರಡಿದ ಹಾಗೆ.
ಎಲ್ಲ ಇತ್ತು. ಹಾಡುವವರು ಇರಲಿಲ್ಲ.

ನಾನು ಬಂದರು ಇಲಾಖೆಯಲ್ಲಿ ಭರತ ಇಳಿತ
ಬರೆದುಕೊಂಡಿದ್ದವನು, ಮೂವತ್ತೊಂದು ವರ್ಷ.
ನೀರು ಎಷ್ಟು ಏರಿತೋ ಅಷ್ಟೇ ಬರೆಯಬೇಕು.
ಸ್ಪೀಕರನ್ನೂ ನಾನು ಕೇಳಿದ್ದು ಅಷ್ಟೇ.

ಅಳೆಯಲು ನನ್ನಲ್ಲಿರುವುದು ಒಂದೇ ಕ್ಯಾಸೆಟ್.
ಕೋಡಿಬಾಗದ ಯಾರದೋ ಪಡಸಾಲೆಯಲ್ಲಿ
ಮಾಜಾಳಿಯ ಪುಂಡಲೀಕ ಮಾಸ್ತರರು
ಇಪ್ಪತ್ತು ಜನರೆದುರು ಹಾಡಿದ ಪೂರಿಯಾ ಧನಾಶ್ರೀ.
ಮೈಕು ಹಿಡಿದು ಕೂತವನು ನಾನೇ.
ನಿಜ ಹೇಗಿತ್ತೆಂದು ನನಗೆ ಗೊತ್ತಿರುವುದು ಅದೊಂದೇ,
ಅದೂ ಮೂವತ್ತು ವರ್ಷದ ಹಿಂದಿನ ಕಿವಿಗೆ.
ಈಗಿನ ಕಿವಿಯನ್ನು ಸಿವಿಲ್ ಆಸ್ಪತ್ರೆಯ ಹುಡುಗಿ
ಗಾಜಿನ ಕೋಣೆಯಲ್ಲಿ ಕೂರಿಸಿ ಅಳೆದು, ಗೀಟು ಎಳೆದು ತೋರಿಸಿದಳು:
ಇಲ್ಲಿಂದಾಚೆ ನಿಮಗೇನೂ ಇಲ್ಲ, ಅಂಕಲ್.
ಆ ಇಲ್ಲಿಂದಾಚೆಗೆ ಈವರೆಗೆ ಸುರಿದ ದುಡ್ಡಿನ ಲೆಕ್ಕ
ಮನೆಯಲ್ಲಿ ಹೇಳಿಲ್ಲ.
ಹಲ್ಲಿ ಕೇಳಿಸಿಕೊಳ್ಳುತ್ತಿರಬೇಕು.

ಮೂರನೆಯದಕ್ಕೆ ಸುಂಕೇರಿಯ ಇನಾಸನ ಹತ್ತಿರ ಹೋದೆ.
ಅವನು ಶವಪೆಟ್ಟಿಗೆ ಮಾಡುವವನು.
ನಕ್ಷೆ ನೋಡಿದ, ತಿರುಗಿಸಿ ನೋಡಿದ, ನಕ್ಕ:
‘ನನ್ನ ಪೆಟ್ಟಿಗೆ ಸದ್ದು ಮಾಡ್ತದೆಂದು
ಇಲ್ಲಿವರೆಗೆ ಯಾರೂ ದೂರಿಲ್ಲ ಸಾಹೇಬ್ರೇ.’
ಅದೇ ಬೇಕು, ಎಂದೆ. ಪೆಟ್ಟಿಗೆ ಮಾತಾಡಬಾರದು.
ಒಳಗಿನವರಷ್ಟೇ ಮಾತಾಡಬೇಕು.
ಅವನ ನಗು ನಿಂತಿತು. ಎದೆಯ ಮೇಲೆ ಶಿಲುಬೆ ಬರೆದುಕೊಂಡ.

ಒಡೆದ ದೋಣಿಯೊಂದರ ಹಲಗೆ ತಂದ,
ಉಪ್ಪು ಕುಡಿದು ಕುಡಿದು ಕಲ್ಲಾಗಿದ್ದ ಮತ್ತಿ.
ಮೊಳೆಯ ತೂತಿಗೆಲ್ಲ ರಾಳ ತುಂಬಿದ.
ಗೆಣ್ಣಿನಿಂದ ಕುಟ್ಟುವುದು, ಕಿವಿಯಿಟ್ಟು ಕೇಳುವುದು,
ತಲೆಯಲ್ಲಾಡಿಸಿ ಒಳಗೆ ಇನ್ನೊಂದು ಪಟ್ಟಿ ಬಡಿಯುವುದು.
ಕಾಗದದ ಶಂಕುವಿನ ಅಂಚಿಗೆ ಈ ಸಲ ಫೋಮಲ್ಲ,
ಸೈಕಲ್ಲಿನ ಟ್ಯೂಬು. ಕತ್ತರಿ ನನ್ನದೇ.
ಹನ್ನೊಂದು ತಿಂಗಳು ಹಿಡಿಯಿತು.

ಮೊನ್ನೆ ಶುಕ್ರವಾರ ಮಾಸ್ತರರನ್ನು ಹಚ್ಚಿದೆ.
ಏನೂ ದೊಡ್ಡದಾಗಲಿಲ್ಲ. ಸಣ್ಣ ನಿರಾಶೆಯೇ ಆಯಿತೆನ್ನಿ.
ಅಷ್ಟರಲ್ಲಿ ಬುಧವಂತಿ ಮೀನಿನ ಬುಟ್ಟಿ ಇಳಿಸಿ
ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತ
ಜಗಲಿಯಿಂದಲೇ ಕೇಳಿದಳು:
‘ಯಾರು ಬಂದವ್ರೆ? ಪಾಪ, ಎಷ್ಟು ಥಂಡಿ ಆಗಿದೆ ಅವ್ರಿಗೆ.
ಶುಂಠಿ ಕಾಸಿ ಕೊಡುದಲ್ವಾ?’

ನೆಗಡಿ.
ಟೇಪು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದೆ.
ಷಡ್ಜಕ್ಕೆ ಬಂದು ನಿಲ್ಲುವ ಮುಂಚೆ
ಮೂಗಿನಲ್ಲೊಂದು ಬಾಗಿಲು ಅರ್ಧ ಮುಚ್ಚುತ್ತದೆ.
ನಡುವೆ ಎಲ್ಲೋ ಪಂಚೆಯ ಅಂಚೋ, ಕರವಸ್ತ್ರವೋ.
ಇಷ್ಟು ವರ್ಷ ಟೇಪಿನ ದೋಷವೆಂದು ನಾನು
ಗುಂಡಿ ತಿರುಗಿಸಿ ತಿರುಗಿಸಿ ತೆಗೆಯುತ್ತಿದ್ದುದು ಅದನ್ನೇ.
ಕವರಿನ ಮೇಲೆ ನನ್ನದೇ ಅಕ್ಷರ: ಜುಲೈ ಹದಿನಾಲ್ಕು, ಜೋರು ಮಳೆ.
ಮೂರಡಿ ದೂರದಲ್ಲಿ ಕೂತಿದ್ದೆ.
ಅವತ್ತು ಏನು ಕೇಳಿಸಿಕೊಂಡೆನೋ.
ಒಂದು ಲೋಟ ಬಿಸಿನೀರು ಯಾರಾದರೂ ತಂದಿಟ್ಟ ಸದ್ದು
ಟೇಪಿನ ಎರಡೂ ಬದಿಯಲ್ಲಿ ಇಲ್ಲ.

ಬುಧವಂತಿ ಬಂಗಡೆ ಎಣಿಸಿದಳು.
ಎಂಟಕ್ಕೆ ದುಡ್ಡು, ಒಂಬತ್ತು ಹಾಕಿದಳು. ‘ನೆಂಟರಿಗೆ.’
ನಾನು ಬೇಡವೆನ್ನಲಿಲ್ಲ.

ಎಡಗಡೆಯದು ಮಂದ್ರದ ಪಂಚಮಕ್ಕೆ
ಇನ್ನೂ ತುಸು ಗುಂಯ್ ಅನ್ನುತ್ತದೆ.
ಭಾನುವಾರ ಪೂಜೆ ಮುಗಿಸಿ ಬರುತ್ತೇನೆಂದಿದ್ದಾನೆ ಇನಾಸ.
ಅಲ್ಲಿಯವರೆಗೆ ಅದರ ತಲೆಯ ಮೇಲೆ
ಕಾಳಿ ದಂಡೆಯದೊಂದು ಕಲ್ಲು.